‘ಅರ್ಥ ಆಯ್ತಾ ಮಕ್ಕಳೇ?’

‘ಅರ್ಥ ಆಯ್ತಾ?’ ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಡಾಕ್ಟರು ಮಾತ್ರೆಯ ಚೀಟಿ ಕೈಗಿಟ್ಟು ಕೇಳಿದರೂ ಅಷ್ಟೆ, ಮೊಬೈಲ್ ಅಂಗಡಿಯ ಹುಡುಗಿ ಏನನ್ನೋ ಒತ್ತಿ ತೋರಿಸಿ ಕೇಳಿದರೂ ಅಷ್ಟೆ. ತಮಾಷೆಯೆಂದರೆ ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಯನ್ನು ಕೇಳಿಕೊಂಡು ಬಂದವಳು ನಾನೇ. ಜಯನಗರದ ಅಂಚಿನಲ್ಲಿ, ತಿಲಕ್ ನಗರಕ್ಕೆ ಬೆನ್ನು ಹಾಕಿ ನಿಂತಿರುವ ಒಂದು ಸಣ್ಣ ಶಾಲೆಯಲ್ಲಿ ನಾನು ಕನ್ನಡ ಮಿಸ್. ದಿನಕ್ಕೆ ಐದು ಪೀರಿಯಡ್ಡು, ಪೀರಿಯಡ್ಡಿಗೆ ಕಡಿಮೆಯೆಂದರೂ ನಾಲ್ಕು ಸಲ, ‘ಅರ್ಥ ಆಯ್ತಾ ಮಕ್ಕಳೇ?’ ಮಕ್ಕಳು ಒಂದೇ ರಾಗದಲ್ಲಿ, ‘ಆಯ್ತೂ ಮಿಸ್!’ ಆ ರಾಗ ಎಷ್ಟು ಇಂಪಾಗಿತ್ತೆಂದರೆ ಅದರ ಮೇಲೆ ಅನುಮಾನ ಪಡಬೇಕೆಂದು ನನಗೆ ಯಾವತ್ತೂ ಹೊಳೆಯಲಿಲ್ಲ.

ಅನುಮಾನ ಹುಟ್ಟಿಸಿದ್ದು ರಾಗಿ.

ಐದನೇ ತರಗತಿಯಲ್ಲಿ ರೈತನ ಹೊಲದ ಮೇಲೊಂದು ಪಾಠವಿದೆ. ಅದರಲ್ಲಿ ರಾಗಿ ತೆನೆ ಗಾಳಿಗೆ ತಲೆದೂಗುತ್ತದೆ. ಮಕ್ಕಳಿಗೆ ಚೆನ್ನಾಗಿ ಮನಸ್ಸಿಗೆ ಹತ್ತಲಿ ಎಂದು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಆ ತೆನೆಯ ಚಿತ್ರ ಬರೆಯುತ್ತಿದ್ದೆ. ಉದ್ದನೆಯ ದಂಟು, ಬಾಗಿದ ತುದಿ, ಎರಡೂ ಪಕ್ಕಕ್ಕೆ ಸಾಲಾಗಿ ಕಾಳು. ಮಕ್ಕಳು ಅದನ್ನು ಪುಸ್ತಕದಲ್ಲಿ ಇಳಿಸಿಕೊಂಡು ಹಸಿರು ಬಣ್ಣ ತುಂಬುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ರಾಗಿ ನಮ್ಮ ಮನೆಗೆ ಬರುತ್ತಿದ್ದುದು ಹಿಟ್ಟಿನ ಗಿರಣಿಯಿಂದ, ಡಬ್ಬದಲ್ಲಿ, ಬೆಚ್ಚಗೆ, ಪುಡಿಯಾಗಿ. ಗಿಡದ ಮೇಲೆ ಅದು ಹೇಗಿರುತ್ತದೆ ಎಂದು ನಾನು ನೋಡಿರಲಿಲ್ಲ, ನೋಡಿಲ್ಲವೆಂಬುದೂ ನನಗೆ ಗೊತ್ತಿರಲಿಲ್ಲ. ಕ್ಯಾಲೆಂಡರಿನ ಲಕ್ಷ್ಮಿಯ ಕೈಯಲ್ಲಿದ್ದ ಭತ್ತದ ತೆನೆಯನ್ನೇ ಧೈರ್ಯವಾಗಿ ರಾಗಿ ಎಂದು ಬರೆದು ಬಂದಿದ್ದೆ.

ಹೋದ ವರ್ಷ ಅದೇ ಚಿತ್ರ ಬರೆದು ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತಿದ್ದಾಗ ಶಾಲೆಯ ಆಯಾ ಪುಟ್ಟಮ್ಮ ಬಕೆಟ್ ಹಿಡಿದು ಒಳಗೆ ಬಂದರು. ಪುಟ್ಟಮ್ಮ ಅಂಜನಾಪುರದ ಕಡೆಯವರು. ಲೇಔಟ್ ಆಗುವ ಮುಂಚೆ ಅವರ ಮನೆಯವರಿಗೆ ಅಲ್ಲಿ ಹೊಲವಿತ್ತಂತೆ. ಬೋರ್ಡಿನ ಮುಂದೆ ನಿಂತು ಅವರು ತಲೆ ಓರೆ ಮಾಡಿದರು.

“ಇದೇನ್ ಮಿಸ್, ಭತ್ತಾನಾ?”

“ಅಲ್ಲ ಪುಟ್ಟಮ್ಮ, ರಾಗಿ.”

“ರಾಗೀನಾ!” ಎಂದು ಅವರು ಬಕೆಟ್ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು, ಮೊಳಕೈ ನೆಟ್ಟಗೆ ಹಿಡಿದು, ಬೆರಳುಗಳನ್ನು ಮೆಲ್ಲಗೆ ಒಳಕ್ಕೆ ಮಡಿಸಿ ತೋರಿಸಿದರು. “ರಾಗಿ ತೆನೆ ಹಿಂಗಿರ್ತದೆ ನೋಡಿ. ಬಲಿತ ಮೇಲೆ ಹಿಂಗೆ ಮಡಚ್ಕೊತದೆ. ನೀವ್ ಬರ್ದಿರೋದನ್ನ ಬೇಯಿಸಿದ್ರೆ ಅನ್ನ ಆಗ್ತದೆ ಮಿಸ್, ಮುದ್ದೆ ಆಗಲ್ಲ.”

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಬ್ಬೊಬ್ಬರೇ ಕೈ ಎತ್ತಿ ಬೆರಳು ಮಡಿಸಿ ನೋಡತೊಡಗಿದರು. ಮೂವತ್ತನಾಲ್ಕು ಕೈಗಳು, ಮೂವತ್ತನಾಲ್ಕು ತೆನೆಗಳು. ನಾನು ಮಾತ್ರ ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಇಪ್ಪತ್ತಾರು ವರ್ಷದ ನನ್ನ ಶಿಷ್ಯರು, ಈಗ ಯಾರು ಯಾರೋ ಏನೇನೋ ಆಗಿರುವವರು, ತಲೆಯೊಳಗೆ ನನ್ನ ತಪ್ಪು ರಾಗಿಯನ್ನು ಹೊತ್ತುಕೊಂಡು ತಿರುಗುತ್ತಿದ್ದಾರೆ. ಅವರಲ್ಲಿ ಯಾರಾದರೂ ಕೃಷಿ ಇಲಾಖೆ ಸೇರಿದ್ದರೆ ಏನು ಗತಿ ಎಂದು ಎರಡು ದಿನ ಚಿಂತೆಯಾಯಿತು.

ಓದುವುದಕ್ಕೂ ಅರ್ಥವಾಗುವುದಕ್ಕೂ ನಡುವೆ ಇರುವ ದೂರವನ್ನು ಪಂಡಿತರು ಬೇಕಾದಷ್ಟು ವಿವರಿಸಿದ್ದಾರೆ. ಟ್ರೈನಿಂಗಿನಲ್ಲಿ ನಮಗೂ ಹೇಳಿದ್ದರು. ಓದುವವನ ತಲೆಯಲ್ಲಿ ಮೊದಲೇ ಏನಾದರೂ ಇದ್ದರೆ ಹೊಸದು ಅದಕ್ಕೆ ಅಂಟಿಕೊಳ್ಳುತ್ತದೆ, ಏನೂ ಇಲ್ಲದಿದ್ದರೆ ಜಾರಿಹೋಗುತ್ತದೆ ಎಂದು. ನಾನದನ್ನು ನೋಟ್ಸ್ ಮಾಡಿಕೊಂಡು ಪಾಸಾಗಿದ್ದೆ. ನಿಜವಾಗಿ ಕಲಿಸಿದವರು ನನ್ನ ಅತ್ತೆ. ಅವರಿಗೆ ಎಂಬತ್ತೆರಡು ವರ್ಷ, ಓದಿದ್ದು ನಾಲ್ಕನೇ ಕ್ಲಾಸು, ಕ್ರಿಕೆಟ್ಟೆಂದರೆ ಪ್ರಾಣ. ಕಣ್ಣಿನ ಆಪರೇಷನ್ ಆದಾಗ ದಿನಾ ಬೆಳಿಗ್ಗೆ ಪೇಪರಿನ ಆಟದ ಪುಟವನ್ನು ನಾನು ಅವರಿಗೆ ಓದಿ ಹೇಳಬೇಕಾಗಿತ್ತು. ಕನ್ನಡ ಎಂ.ಎ. ಮಾಡಿದ ನಾನು ಒಂದಕ್ಷರ ತಪ್ಪದೆ, ಏರಿಳಿತದೊಂದಿಗೆ ಓದುತ್ತಿದ್ದೆ. “ಎರಡನೇ ಸ್ಲಿಪ್ಪಿನಲ್ಲಿ ಕ್ಯಾಚಿತ್ತು ಹೊರನಡೆದರು” ಎಂದು ಓದಿ, ಪಾಪ, ಎರಡು ಸಲ ಜಾರಿ ಬಿದ್ದನೇನೋ ಎಂದುಕೊಂಡೆ; ಅದು ಕೀಪರ್ ಪಕ್ಕ ಫೀಲ್ಡರ್ ನಿಲ್ಲುವ ಜಾಗವಂತೆ. ಅತ್ತೆ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡೇ, “ಥೂ, ಹೊರಗೆ ಹೋಗೋ ಬಾಲನ್ನ ಯಾಕೆ ಮುಟ್ಟಿದ ಮುಂಡೇದು” ಎಂದರು. ಪೇಪರ್ ನನ್ನ ಕೈಯಲ್ಲಿತ್ತು, ಆಟ ಅವರ ಕಣ್ಣ ಮುಂದಿತ್ತು. ಒಬ್ಬಳು ಓದುತ್ತಿದ್ದೆ, ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು. ಅವತ್ತು ನಗು ಬಂತು. ರಾಗಿಯ ದಿನ ಅದೇ ನೆನಪಾದಾಗ ನಗು ಬರಲಿಲ್ಲ.

ನನ್ನ ಕ್ಲಾಸಿನಲ್ಲಿ ಹೀಗೆ ಏರಿಳಿತದೊಂದಿಗೆ ಓದುವವಳೊಬ್ಬಳು ಇದ್ದಳು. ಹೆಸರು ಭಾಗ್ಯಶ್ರೀ. ಬಾಗಲಕೋಟೆಯ ಕಡೆಯಿಂದ ಬಂದವಳು. ಅವಳಪ್ಪ ಸುದ್ದಗುಂಟೆಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಮನೆಯೂ ಅಲ್ಲೇ, ಪಾರ್ಕಿಂಗಿನ ಪಕ್ಕದ ಕೋಣೆ. ಓದು ಎಂದರೆ ರೈಲು ಬಿಟ್ಟ ಹಾಗೆ ಓದುತ್ತಿದ್ದಳು. ಓದಿದ್ದೇನು ಎಂದು ಕೇಳಿದರೆ ಮಾತಿಲ್ಲ. ಸೇರಿದ ಹೊಸತರಲ್ಲಿ ಒಮ್ಮೆ “ಗೊತ್ತಿಲ್ರೀ” ಎಂದಾಗ ಹಿಂದಿನ ಬೆಂಚಿನವರು ಆ ‘ರೀ’ಯನ್ನು ಹಿಡಿದುಕೊಂಡು ಒಂದು ವಾರ ಆಡಿಸಿದ್ದರು. ಅವತ್ತಿನಿಂದ ಪುಸ್ತಕದಲ್ಲಿರುವುದನ್ನು ಬಿಟ್ಟು ಬೇರೆ ಮಾತೇ ಅವಳ ಬಾಯಿಂದ ಹೊರಡುತ್ತಿರಲಿಲ್ಲ.

ಶುಕ್ರವಾರದ ನಾಲ್ಕನೇ ಪೀರಿಯಡ್ ನಮ್ಮಲ್ಲಿ ಓದುವ ಪೀರಿಯಡ್. ಬೀರುವಿನ ಕಥೆಪುಸ್ತಕಗಳನ್ನು ತೆಗೆದು ಎಲ್ಲರೂ ಸೇರಿ ಓದುವುದು. ರಾಗಿಯ ಪ್ರಸಂಗದ ನಂತರದ ಶುಕ್ರವಾರ, ಪುಟ್ಟಮ್ಮನ ಕೈಯಿಂದಲೇ ಒಂದು ಪದ್ಧತಿ ಹುಟ್ಟಿಕೊಂಡಿತು. ಒಂದು ವಾಕ್ಯ ಓದಿದ ಮೇಲೆ, ಅದು ಕಣ್ಣಿಗೆ ಕಟ್ಟಿದರೆ ರಾಗಿ ತೆನೆಯ ಹಾಗೆ ಬೆರಳು ಮಡಿಸಿ ಕೈ ಎತ್ತಬೇಕು. ಕಟ್ಟದಿದ್ದರೆ ಅಂಗೈ ಬಿಚ್ಚಿ ಎತ್ತಬೇಕು. ‘ಕಂಡಿತು’, ‘ಕಾಣಲಿಲ್ಲ’, ಎರಡೇ. ಬಾಯಿ ಬಿಡುವ ಹಾಗಿಲ್ಲ, ನಗುವ ಹಾಗೂ ಇಲ್ಲ.

ಮೊದಲ ದಿನ ಮೊದಲು ಬಿಚ್ಚಿದ ಅಂಗೈ ಭಾಗ್ಯಶ್ರೀಯದು. ಕಥೆಯಲ್ಲಿ ಹಡಗೊಂದು ಲಂಗರು ಹಾಕಿತ್ತು. ಅವಳು ಅಂಗೈ ಎತ್ತಿದ್ದೇ ತಡ, ಇನ್ನೂ ಹನ್ನೆರಡು ಅಂಗೈಗಳು ಎದ್ದವು. ವಾರದ ಹಿಂದೆ ಇದೇ ಪುಟಕ್ಕೆ ‘ಆಯ್ತೂ ಮಿಸ್’ ಹಾಡಿದ ಮಕ್ಕಳೇ! ಜಾಮಿಟ್ರಿ ಡಬ್ಬಕ್ಕೆ ದಾರ ಕಟ್ಟಿ, ಬಕೆಟ್ಟಿನ ನೀರಿಗೆ ಇಳಿಸಿ, ಕಾಗದದ ದೋಣಿಯನ್ನು ಅದಕ್ಕೆ ಕಟ್ಟಿ, ಉಫ್ ಉಫ್ ಎಂದು ಊದಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಓದಿದ್ದು ಎರಡು ಪುಟ. ಆದರೆ ಮುಂದಿನ ವಾರ ಕಥೆ ಏನಾಯಿತು ಎಂದು ತಿಳಿದುಕೊಳ್ಳಲು ಮಕ್ಕಳು ಬೀರುವಿನ ಹತ್ತಿರ ನೂಕಾಡುತ್ತಿದ್ದರು. ಬಹುಮಾನ, ಸ್ಟಾರು, ಚಾಕೊಲೇಟು ಎಂದು ನಾನು ವರ್ಷಗಟ್ಟಲೆ ಆಮಿಷ ಒಡ್ಡಿ ಆಗದ್ದು ಇದು. ಎರಡು ತಿಂಗಳಾಗುವಷ್ಟರಲ್ಲಿ ಭಾಗ್ಯಶ್ರೀ ಅಂಗೈ ಎತ್ತಿ, ಅದರ ಹಿಂದೆಯೇ, “ಅದು ಹೆಂಗ್ ಇರ್ತೈತ್ರೀ ಮಿಸ್?” ಎಂದು ಕೇಳುವಷ್ಟು ಮುಂದೆ ಬಂದಳು. ಯಾರೂ ನಗಲಿಲ್ಲ. ಎಲ್ಲರಿಗೂ ಅದನ್ನೇ ಕೇಳಬೇಕಿತ್ತು.

ಅಷ್ಟರಲ್ಲಿ ಕಿಟಕಿಯಲ್ಲಿ ಛತ್ರಿ ಕಾಣಿಸಿತು.

ಛತ್ರಿ ನಮ್ಮ ಆಡಳಿತ ಮಂಡಳಿಯ ಸೆಕ್ರೆಟರಿಯವರದು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ರಿಟೈರಾದವರು. ಕೆಟ್ಟವರೇನಲ್ಲ, ಆದರೆ ಪ್ರತಿಯೊಂದಕ್ಕೂ ಅಳತೆ ಬೇಕು. ಕಿಟಕಿಯಲ್ಲಿ ನಿಂತು ನೋಡಿ, ಸ್ಟಾಫ್ ರೂಮಿಗೆ ಬಂದರು. “ನಲವತ್ತು ನಿಮಿಷಕ್ಕೆ ಎರಡು ಪುಟ! ಹೀಗಾದ್ರೆ ಒಂದು ಪುಸ್ತಕ ಮುಗಿಸೋಕೆ ಎಸ್ಸೆಸ್ಸೆಲ್ಸಿ ಆಗುತ್ತೆ ಮಿಸ್. ಎಲ್ಲ ಸ್ಕೂಲಲ್ಲೂ ಅಬ್ಯಾಕಸ್ ಲೆಕ್ಕದ ಕ್ಲಾಸ್ ಇದೆ, ಪೇರೆಂಟ್ಸ್ ಕೇಳ್ತಿದ್ದಾರೆ. ನಮಗೆ ಖಾಲಿ ಇರೋದು ಇದೊಂದೇ ಪೀರಿಯಡ್.” ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. “ಒಂದು ಕೆಲಸ ಮಾಡೋಣ. ಹದಿನೈದು ದಿನ ಬಿಟ್ಟು ಬರ್ತೀನಿ. ಮಕ್ಕಳು ಹಿಂದೆ ಓದಿರದ ಒಂದು ಪ್ಯಾಸೇಜ್, ಮೂರು ಪ್ರಶ್ನೆ. ಬರೆದ್ರೆ ಪೀರಿಯಡ್ ನಿಮ್ದು. ಇಲ್ದಿದ್ರೆ ಅಬ್ಯಾಕಸ್‌ಗೆ.”

ಆ ಹದಿನೈದು ದಿನ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಒಂದು ಪೀರಿಯಡ್ ಹೋದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಮನೆಯಲ್ಲಿ ಹೇಳಿದರು. ನಿಜವೇ. ಆದರೆ ವಾರಕ್ಕೆ ನಲವತ್ತು ನಿಮಿಷ ಬಾಯಿ ಬಿಡುತ್ತಿದ್ದ ಹುಡುಗಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಈ ಸಲ ಮುಚ್ಚಿದ್ದು ತೆರೆಯುವುದಿಲ್ಲ ಎಂದು ನನಗೆ ಹೆದರಿಕೆಯಾಗಿತ್ತು. ಲೋಕದಲ್ಲಿರುವ ವಸ್ತುಗಳನ್ನೆಲ್ಲ ಹದಿನೈದು ದಿನದಲ್ಲಿ ತೋರಿಸಿಬಿಡಬೇಕೆಂದು ಹುಚ್ಚು ಹಿಡಿಯಿತು. ಪುಟ್ಟ ಒರಳು, ಮೊರ, ಬೀಸುವ ಕಲ್ಲಿನ ಚಿತ್ರ, ಅತ್ತೆಯ ಅಡಕತ್ತರಿ, ಏನೇನನ್ನೋ ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ಬನಶಂಕರಿಯಲ್ಲಿ ಕಂಡಕ್ಟರ್ ಚೀಲ ನೋಡಿ, “ಮನೆ ಖಾಲಿ ಮಾಡ್ತಿದೀರಾ ಮೇಡಂ?” ಎಂದು ಕೇಳಿದ.

ಬುಧವಾರ ಹೆಡ್ ಮಿಸ್ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಝೆರಾಕ್ಸ್ ಮಾಡಿಸಲು ಸೆಕ್ರೆಟರಿ ಕಳಿಸಿದ್ದ ಪ್ಯಾಸೇಜು ಅವರ ಮೇಜಿನ ಮೇಲಿತ್ತು. ಒಂದು ಪ್ರತಿಯನ್ನು ನನ್ನ ಕಡೆಗೆ ಸರಿಸಿ, ಕಿಟಕಿಯ ಕಡೆ ನೋಡುತ್ತಾ, “ನಾನೇನೂ ಕೊಟ್ಟಿಲ್ಲಪ್ಪ. ಮಕ್ಕಳಿಗೆ ಒಂದ್ಸಲ ಬರೆಸಿಬಿಡಿ, ಅಷ್ಟೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು” ಎಂದರು. ಬೇಡವೆನ್ನಬೇಕಿತ್ತು. ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟನ್ನು ನಿಮಗೆ ಹೇಳಬೇಕು. ಅದರ ಹೆಸರು ‘ಇಲ್ಲಿಂದ ಇಲ್ಲಿವರೆಗೆ’. ಪಾಠ ಮುಗಿದ ಮೇಲೆ ನಾವು ಮಕ್ಕಳಿಗೆ ಪೆನ್ಸಿಲ್ ತೆಗೆಯಿರಿ ಎನ್ನುತ್ತೇವೆ. “ಒಂದನೇ ಪ್ರಶ್ನೆಗೆ ಉತ್ತರ, ಎರಡನೇ ಪ್ಯಾರಾ, ಮೂರನೇ ಸಾಲು, ಇಲ್ಲಿಂದ ಇಲ್ಲಿವರೆಗೆ ಬ್ರಾಕೆಟ್ ಹಾಕ್ಕೊಳ್ಳಿ.” ಮಕ್ಕಳು ಬ್ರಾಕೆಟ್ ಹಾಕಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬ್ರಾಕೆಟ್ಟಿನೊಳಗಿನದನ್ನು ಇಳಿಸುತ್ತಾರೆ, ನಾವು ರೈಟ್ ಹಾಕುತ್ತೇವೆ. ಪಾಠ ಹೊರಗೆ ಬಿದ್ದಿರುತ್ತದೆ. ಅಕ್ಕನ ಪುಸ್ತಕ ತಂಗಿಗೆ, ತಂಗಿಯದು ಪಕ್ಕದ ಮನೆಗೆ ಹೋಗುವಾಗ ಬ್ರಾಕೆಟ್ಟೂ ಜೊತೆಗೆ ಹೋಗುತ್ತದೆ. ಒಮ್ಮೆ ಒಂದು ಹಳೆಯ ಪುಸ್ತಕದಲ್ಲಿ ಹನ್ನೆರಡು ವರ್ಷದ ಹಿಂದೆ ನಾನೇ ಹಾಕಿಸಿದ್ದ ಬ್ರಾಕೆಟ್ಟುಗಳನ್ನು ಕಂಡು, ಹಳೆಯ ಗೆಳತಿ ಸಿಕ್ಕಷ್ಟು ಸಂತೋಷಪಟ್ಟಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗುರುವಾರ ಆ ಪ್ಯಾಸೇಜನ್ನು ಬೋರ್ಡಿನ ಮೇಲೆ ಬರೆದೆ. ಒಳ್ಳೆಯ ಮಳೆಯಾಯಿತು, ಊರ ಕೆರೆ ಕೋಡಿ ಬಿದ್ದಿತು, ಊರವರೆಲ್ಲ ಸಂಭ್ರಮದಿಂದ ಹೋಗಿ ಕೆರೆಗೆ ಪೂಜೆ ಮಾಡಿ ಬಾಗಿನ ಬಿಟ್ಟರು, ಇಷ್ಟೇ ಅದರ ಸಾರ. ಪ್ರಶ್ನೆ ಒಂದು: ಕೆರೆ ಏಕೆ ಕೋಡಿ ಬಿದ್ದಿತು? ಉತ್ತರ: ಒಳ್ಳೆಯ ಮಳೆಯಾದ್ದರಿಂದ ಕೆರೆ ಕೋಡಿ ಬಿದ್ದಿತು. ಈ ಉತ್ತರದ ಚಂದ ನೋಡಿ. ಕೋಡಿಯ ಜಾಗದಲ್ಲಿ ಜಿಲೇಬಿ ಎಂದಿದ್ದರೂ ಪೂರ್ತಿ ಅಂಕ ಬರುತ್ತಿತ್ತು. ಮೂರನ್ನೂ ಎರಡೆರಡು ಸಲ ಬರೆಸಿದೆ. “ನಾಳೆ ಸಾರ್ ಬಂದಾಗ ಕೈ ಎತ್ತೋದು ಬೇಡ. ಅರ್ಥ ಆಯ್ತಾ ಅಂತ ಕೇಳಿದ್ರೆ ಆಯ್ತು ಸಾರ್ ಅನ್ನಿ, ಸಾಕು” ಎಂದೂ ಹೇಳಿಕೊಟ್ಟೆ. ಭಾಗ್ಯಶ್ರೀ ಎದ್ದು ನಿಂತಳು.

“ಮಿಸ್, ಕೋಡಿ ಅಂದ್ರ ಏನ್ರೀ?”

“ಅದೆಲ್ಲ ಆಮೇಲೆ ಪುಟ್ಟಾ. ಮೊದಲು ಬರಕೋ.”

ಅವಳು ಕುಳಿತಳು. ಬರೆದುಕೊಂಡಳು. ಎರಡು ತಿಂಗಳು ಕಷ್ಟಪಟ್ಟು ತೆರೆದ ಬಾಗಿಲನ್ನು ನಾನೇ ಮುಚ್ಚಿದೆನಲ್ಲ ಎಂದು ಎದೆಯಲ್ಲಿ ಚುಚ್ಚಿತು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ‘ಆಮೇಲೆ’ ಎಂದು ನಾನು ಹೇಳಿದ್ದು ಸಮಯ ಇರಲಿಲ್ಲವೆಂದಲ್ಲ. ಕೆರೆ ತುಂಬಿದರೆ ಕೋಡಿ ಬೀಳುತ್ತದೆ ಎಂದು ನೂರು ಸಲ ಓದಿದ್ದೇನೆ, ಪಾಠ ಮಾಡಿದ್ದೇನೆ. ಆದರೆ ಬೀಳುವುದು ಏನು? ಎಲ್ಲಿಂದ? ಎಲ್ಲಿಗೆ? ಯೋಚಿಸಿದಷ್ಟೂ ನನಗೆ ಕಾಣಿಸಿದ್ದು ಬೋರ್ಡಿನ ಮೇಲಿನ ನನ್ನದೇ ಅಕ್ಷರ.

ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಹತ್ತಿರದ ಕೆರೆಗೆ ಹೋದೆ. ಈಗಿನ ಕೆರೆಗಳು ನಿಮಗೆ ಗೊತ್ತೇ ಇವೆ. ಬೇಲಿ, ಗೇಟು, ವಾಕಿಂಗಿಗೆ ದಾರಿ, ಟೈಮಿಂಗ್ಸ್ ಬರೆದ ಬೋರ್ಡು. ಐದು ಗಂಟೆಯ ಬಿಸಿಲಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಸುತ್ತು ಹಾಕಿದೆ. ಜಿಮ್ಮಿನ ಸಲಕರಣೆ ಸಿಕ್ಕಿತು, ಕಲ್ಲಿನ ಬೆಂಚು ಸಿಕ್ಕಿತು, ನಾಯಿಗಳನ್ನು ತರಬಾರದೆಂಬ ಸೂಚನೆ ಮೂರು ಕಡೆ ಸಿಕ್ಕಿತು. ಕೊನೆಗೆ ಗೇಟಿನವನನ್ನೇ ಕೇಳಿದೆ.

“ಅಣ್ಣ, ಈ ಕೆರೆಗೆ ಕೋಡಿ ಎಲ್ಲಿದೆ?”

ಅವನು ಕೈ ಚಾಚಿ ತೋರಿಸಿದ. “ಎಂಟ್ರೆನ್ಸ್ ಇದು, ಟಾಯ್ಲೆಟ್ ಆ ಕಡೆ. ಬೇರೆ ಏನಿದ್ರೂ ಆಫೀಸಲ್ಲಿ ಕೇಳ್ಬೇಕು ಮೇಡಂ.”

ಮನೆಗೆ ಬಂದು ನಿಘಂಟು ತೆಗೆದೆ. ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಸ್ಥಳ. ಬಾಯಿಪಾಠ ಮಾಡಿಕೊಂಡೆ, ಐದನೇ ಕ್ಲಾಸಿನ ಹುಡುಗಿಯ ಹಾಗೆ.

ಶುಕ್ರವಾರ ನಾಲ್ಕನೇ ಪೀರಿಯಡ್ಡಿಗೆ ಸರಿಯಾಗಿ ಛತ್ರಿ ಬಂತು, ಹಿಂದೆ ಹೆಡ್ ಮಿಸ್. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಲು ಹೇಳಿದರು. ಮಕ್ಕಳ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಬಾಗಿಲ ಬಳಿ ಪುಟ್ಟಮ್ಮ ಕಸಬರಿಗೆ ಹಿಡಿದು, ಅಲ್ಲಿ ಇಲ್ಲದ ಕಸವನ್ನು ಗುಡಿಸುತ್ತಿದ್ದರು. ಸೆಕ್ರೆಟರಿ ಹಾಳೆಗಳನ್ನು ಹಂಚಿದರು. ಭಾಗ್ಯಶ್ರೀಯನ್ನು ಎಬ್ಬಿಸಿ ಓದಿಸಿದರು. ಅವಳು ರೈಲು ಬಿಟ್ಟಳು. “ಭೇಷ್! ಎಷ್ಟು ಚೆನ್ನಾಗಿ ಓದ್ತಾಳೆ” ಎಂದು ಅವರು ಹೆಡ್ ಮಿಸ್ ಕಡೆ ತಿರುಗಿದರು. ಆಮೇಲೆ ಬರೆಯುವುದು. ಇಪ್ಪತ್ತು ನಿಮಿಷ ಕೊಟ್ಟಿದ್ದರು. ಆರು ನಿಮಿಷಕ್ಕೆ ಮೂವತ್ತನಾಲ್ಕು ಪೆನ್ನುಗಳೂ ಒಟ್ಟಿಗೆ ನಿಂತವು. ಇನ್ನೊಂದಿಷ್ಟು ಹೊತ್ತು ಬರೆಯುವ ಹಾಗೆ ನಟಿಸಿ ಎಂದು ಹೇಳಿಕೊಡಲು ಮರೆತಿದ್ದೆ.

ಸೆಕ್ರೆಟರಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಐದನೆಯದಕ್ಕೆ ಕನ್ನಡಕ ಸರಿಮಾಡಿಕೊಂಡರು. “ಎಲ್ಲಾ ಒಂದೇ ಥರ ಬರೆದಿದ್ದಾರಲ್ಲ?”

“ಒಬ್ಬರೇ ಟೀಚರ್ ಅಲ್ವಾ ಸಾರ್” ಎಂದರು ಹೆಡ್ ಮಿಸ್.

ಸೆಕ್ರೆಟರಿ ಹೂಂ ಎಂದು ಹಾಳೆಗಳನ್ನು ಮಡಿಸಿದರು. ಮಕ್ಕಳ ಕಡೆ ನೋಡಿ, ಕೇಳಲೇಬೇಕೆಂಬಂತೆ, “ಅರ್ಥ ಆಯ್ತಾ ಮಕ್ಕಳೇ?” ಎಂದರು.

“ಆಯ್ತೂ ಸಾರ್!”

ಪೀರಿಯಡ್ ಉಳಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅಂಗೈ ಬಿಚ್ಚಿತ್ತು.

“ಏನಮ್ಮಾ, ಟಾಯ್ಲೆಟ್ಟಿಗಾ? ಹೋಗಿ ಬಾ.”

“ಅಲ್ರೀ ಸರ್” ಎಂದಳು ಭಾಗ್ಯಶ್ರೀ. “ನನಗ ಕೋಡಿ ಕಾಣ್ಲಿಲ್ರೀ.”

ಹೆಡ್ ಮಿಸ್ ನನ್ನನ್ನು ನುಂಗುವ ಹಾಗೆ ನೋಡಿದರು. ಭಾಗ್ಯಶ್ರೀಯ ಪಕ್ಕದಲ್ಲಿ ಇನ್ನೊಂದು ಅಂಗೈ ಎದ್ದಿತು. ಅದರ ಹಿಂದೆ ಎರಡು. ಆಮೇಲೆ ಸಾಲು ಸಾಲಾಗಿ ಎದ್ದು, ನನಗೆ ಮಕ್ಕಳ ತಲೆಗಳೇ ಕಾಣಿಸದಂತಾಯಿತು. ನಾನು ಹೇಳಿಕೊಟ್ಟದ್ದು ಎರಡು, ನಿನ್ನೆಯದೊಂದು ಸುಳ್ಳು, ಅದಕ್ಕೆ ಮುಂಚಿನದೊಂದು ನಿಜ. ಮಕ್ಕಳು ಎರಡನ್ನೂ ಕಲಿತಿದ್ದರು, ಬೇಕಾದ್ದನ್ನು ಆರಿಸಿಕೊಂಡರು.

“ಏನಿದು ಮಿಸ್?”

ನಾನು ಬೆಂಚಿನಿಂದ ಕಷ್ಟಪಟ್ಟು ಎದ್ದೆ. ಹೊಸ ಹುಡುಗಿ ಸಾರ್, ಭಾಷೆ ಬೇರೆ, ಎಂದು ಹೇಳಿಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದೇಕೆ. “ಕಣ್ಣಿಗೆ ಕಟ್ಟದಿದ್ರೆ ಅಂಗೈ ತೋರಿಸಿ ಅಂತ ನಾನೇ ಹೇಳಿಕೊಟ್ಟಿದೀನಿ ಸಾರ್” ಎಂದೆ.

“ಹಾಗಾದ್ರೆ ನೀವೇ ಹೇಳಿಬಿಡಿ, ಕೋಡಿ ಅಂದ್ರೇನು ಅಂತ.”

“ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಸ್ಥಳ” ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಒಂದು ಅಂಗೈಯೂ ಮಡಚಿಕೊಳ್ಳಲಿಲ್ಲ. ಸೆಕ್ರೆಟರಿ ನನ್ನನ್ನೇ ನೋಡುತ್ತಿದ್ದರು. ನಲವತ್ತು ವರ್ಷ ಕೆರೆ ಕಾಲುವೆಗಳ ಮೇಲೆ ಓಡಾಡಿದ ಮನುಷ್ಯ.

“ನಿಮಗೆ ಕಂಡಿದೆಯಾ ಮಿಸ್?”

ಹೆಡ್ ಮಿಸ್ ತಲೆ ಆಡಿಸಿ ಹೂಂ ಅನ್ನಿ ಎಂದು ಸನ್ನೆ ಮಾಡುತ್ತಿದ್ದರು. ಭಾಗ್ಯಶ್ರೀ ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿದ್ದಳು, ಕೈ ಇನ್ನೂ ಇಳಿಸದೆ. ಬೆವರಿದ್ದ ನನ್ನ ಕೈಯನ್ನು ನಾನು ಮೇಲೆತ್ತಿದೆ. ಅಂಗೈ ಬಿಚ್ಚಿತ್ತು.

ಸೆಕ್ರೆಟರಿ ಛತ್ರಿಯನ್ನು ಕುರ್ಚಿ ಬೆನ್ನಿಗೆ ತೂಗುಹಾಕಿ, ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಮೇಲೆ ಒಂದು ಕೆರೆ ಬರೆದರು. ಏರಿ ಬರೆದರು. ಮಟ್ಟ, ಇಳಿಜಾರು, ನೀರಿನ ಒತ್ತಡ ಎಂದು ಇಂಗ್ಲಿಷೂ ಕನ್ನಡವೂ ಬೆರೆಸಿ ಐದು ನಿಮಿಷ ಹೇಳಿ ತಿರುಗಿದರೆ ಮತ್ತೆ ಮೂವತ್ತನಾಲ್ಕು ಅಂಗೈಗಳು. “ನನ್ನ ಸರ್ವಿಸ್‌ನಲ್ಲಿ ಒಬ್ಬ ಕಂಟ್ರಾಕ್ಟರೂ ನನಗೆ ಹೀಗೆ ಕೈ ತೋರಿಸಿರಲಿಲ್ಲ” ಎಂದು ಅಳಿಸಿ ಮತ್ತೆ ಬರೆದರು. ಏರಿಯ ಒಂದು ತುದಿಯಲ್ಲಿ, ಮಿಕ್ಕ ಏರಿಗಿಂತ ಸ್ವಲ್ಪ ತಗ್ಗಾಗಿ, ಕಲ್ಲು ಕಟ್ಟಿದ ಒಂದು ಜಾಗ. “ಕೆರೆ ತುಂಬಿ ಇಷ್ಟು ಎತ್ತರಕ್ಕೆ ಬಂದ್ರೆ, ನೀರು ಏರಿ ಒಡೆಯದ ಹಾಗೆ, ಇಲ್ಲಿಂದ ತಾನೇ ಆಚೆ ಹೋಗಿಬಿಡುತ್ತೆ.”

ಭಾಗ್ಯಶ್ರೀಯ ಬೆರಳುಗಳು ಅರ್ಧ ಮಡಚಿಕೊಂಡು ನಿಂತವು. “ನಮ್ಮ ಬಿಲ್ಡಿಂಗ್ ಮ್ಯಾಲಿನ ಟ್ಯಾಂಕಿಗೆ ಓವರ್‌ಫ್ಲೋ ಪೈಪ್ ಐತಲ್ರೀ ಸರ್, ಹಂಗೇನ್ರೀ? ನಮ್ಮಪ್ಪ ಮೋಟರ್ ಬಂದ್ ಮಾಡೂದು ಮರೆತ್ರ ಅದರಾಗಿಂದ ನೀರು ಬೀಳ್ತೈತಿ.”

“ಅದೇ! ಅದೇ ಕಣಮ್ಮ ಕೋಡಿ!”

ಕ್ಲಾಸಿನ ತುಂಬ ರಾಗಿ ತೆನೆಗಳು ಎದ್ದವು. ಜಯನಗರದಿಂದ ಬಿಟಿಎಂ ಲೇಔಟ್‌ವರೆಗೆ ಓವರ್‌ಫ್ಲೋ ಪೈಪ್ ನೋಡದ ಮಗು ಯಾವುದಿದೆ? ಕೆರೆ ಬಂದು ಅಂಟಿಕೊಳ್ಳಲು ಮಕ್ಕಳ ತಲೆಯೊಳಗೆ ಒಂದು ಟ್ಯಾಂಕು ಮೊದಲಿನಿಂದಲೇ ಕಾದು ಕುಳಿತಿತ್ತು, ನಾನು ಅದನ್ನು ಕೇಳಿರಲಿಲ್ಲ. ಚೀಲದ ತುಂಬ ಅಡಕತ್ತರಿ ಹೊತ್ತು ತರುತ್ತಿದ್ದೆ.

ಆದರೆ ಭಾಗ್ಯಶ್ರೀ ಕೂರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಓದಿಕೊಂಡಳು, ಈ ಸಲ ನಿಧಾನವಾಗಿ. “ಸರ್, ಇಲ್ಲಿ ಕೋಡಿ ಬಿದ್ದಿದ್ದಕ್ಕ ಎಲ್ಲಾರೂ ಪೂಜಾ ಮಾಡ್ಯಾರ್ರೀ. ನಮ್ಮ ಬಿಲ್ಡಿಂಗ್‌ನ್ಯಾಗ ಎಲ್ಲಾರೂ ನಮ್ಮಪ್ಪಗ ಬೈತಾರ. ಯಾಕ್ರೀ?”

ಯಾರೂ ನಗಲಿಲ್ಲ. ಸೆಕ್ರೆಟರಿ ಸೀಮೆಸುಣ್ಣ ಹಿಡಿದುಕೊಂಡೇ ಮೊದಲ ಬೆಂಚಿನ ತುದಿಯಲ್ಲಿ ಕುಳಿತುಬಿಟ್ಟರು. ಅವರ ಮೂರು ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಗಂಟೆ ಹೊಡೆಯಿತು. ಬಾಗಿಲಲ್ಲಿ ಪುಟ್ಟಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಧೂಳು ಎಂದರು. ಗುಡಿಸಿ ಗುಡಿಸಿ ಧೂಳೆಲ್ಲಿ ಉಳಿದಿತ್ತೋ ದೇವರೇ ಬಲ್ಲ.

ಹೋಗುವಾಗ ಸೆಕ್ರೆಟರಿ ಮಡಿಸಿದ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. “ಇದಕ್ಕೆ ಮಾರ್ಕ್ಸ್ ಹಾಕೋದಾದ್ರೆ ನಿಮಗೇ ಹಾಕ್ಬೇಕು ಮಿಸ್, ಮಕ್ಕಳಿಗಲ್ಲ.” ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದ ಹಾಗಾಯಿತು. ಅವರು ಎರಡು ಹೆಜ್ಜೆ ಹೋಗಿ ತಿರುಗಿದರು. “ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಉದ್ದ ಇದೆ. ನಮ್ಮ ಕೆರೆ ಕೋಡಿ ಬಿದ್ರೆ ತಾನೇ ಕೆಳಗಿನ ಊರಿನ ಕೆರೆಗೆ ನೀರು ಹೋಗೋದು. ಮುಂದಿನ ಶುಕ್ರವಾರ ನಾಲ್ಕನೇ ಪೀರಿಯಡ್ಡಿಗೆ ನಕ್ಷೆ ತರ್ತೀನಿ. ಅಬ್ಯಾಕಸ್‌ನೋರಿಗೆ ಬೇರೆ ಪೀರಿಯಡ್ ನೋಡೋಣ.” ಛತ್ರಿಯನ್ನು ಕುರ್ಚಿಯ ಬೆನ್ನಲ್ಲೇ ಮರೆತು ಹೋದರು. ಅದನ್ನು ಓಡಿ ಹೋಗಿ ಕೊಟ್ಟು ಬಂದವಳು ಭಾಗ್ಯಶ್ರೀ.

ಇಷ್ಟೆಲ್ಲ ಆದ ಮೇಲೆ ನಾನು ಪೂರ್ತಿ ಬದಲಾದೆ ಎಂದು ನೀವು ತಿಳಿಯಬೇಡಿ. ‘ಅರ್ಥ ಆಯ್ತಾ ಮಕ್ಕಳೇ’ ಎಂಬ ಮಾತು ಈಗಲೂ ದಿನಕ್ಕೆ ಹತ್ತು ಸಲ ಬಾಯಿಂದ ಜಾರುತ್ತದೆ. ಆದರೆ ಕೇಳಿದ ಮೇಲೆ ಕಿವಿಯನ್ನು ನಂಬುವುದಿಲ್ಲ, ಕೈಗಳನ್ನು ನೋಡುತ್ತೇನೆ. ಮೊನ್ನೆ ಭಾನುವಾರ ಭಾಗ್ಯಶ್ರೀಯ ನೋಟ್‌ಬುಕ್ ತಿದ್ದುತ್ತಾ ಕುಳಿತಿದ್ದೆ. ಈಗ ಅವಳು ಉತ್ತರದ ಕೆಳಗೆ ತನ್ನದೊಂದು ಪ್ರಶ್ನೆ ಸೇರಿಸುತ್ತಾಳೆ, ಅದಕ್ಕೆ ಉತ್ತರ ಬರೆಯಲು ನನಗೇ ನಿಘಂಟು ಸಾಲುವುದಿಲ್ಲ. ಹಾಗೆ ಮೈಮರೆತಿದ್ದಾಗ ಹೊರಗೆ ಧೋ ಎಂದು ಸದ್ದಾಯಿತು. ಮೋಟರ್ ಹಾಕಿದ್ದೇ ನೆನಪಿರಲಿಲ್ಲ. ಓಡಿ ಬಂದು ನೋಡಿದರೆ ಪೈಪಿನಿಂದ ನೀರು ದಬದಬನೆ ಸುರಿಯುತ್ತಿದೆ, ಬಿಸಿಲಿಗೆ ಹೊಳೆಯುತ್ತಾ, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ. ಅವರು ಕಿಟಕಿ ತೆರೆದು ಕೂಗಿದರು, “ಮಿಸ್ಸೇ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ, ಕಾಣ್ಸಲ್ವಾ?”

ನಾನು ಬೆರಳುಗಳನ್ನು ಮಡಿಸಿ ಕೈ ಎತ್ತಿದೆ. ಹೊಡೆಯಲು ಬಂದಳೆಂದುಕೊಂಡರೋ ಏನೋ, ಅವರು ಕಿಟಕಿ ಮುಚ್ಚಿಕೊಂಡರು.